ರೋಬೋ ಸ್ಪರ್ಧೆಗೆ ಹೊರಟ ಮಕ್ಕಳಿಗೆ ರಿಪೇರಿ ಅಂಗಡಿಯವನ ಮಾತು

ಹಾಸನದಲ್ಲಿ ನನ್ನದು ಮಿಕ್ಸಿ, ಟಿವಿ, ಯುಪಿಎಸ್ ರಿಪೇರಿ ಅಂಗಡಿ. ಯಾವುದಾದರೂ ಕಾಲೇಜಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ರೋಬೋ ಸ್ಪರ್ಧೆ ಇದೆ ಅಂತ ಸುದ್ದಿ ಬಂದರೆ ಸಾಕು, ಅಂಗಡಿ ಮುಂದಿನ ಬೆಂಚಿನಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು ಕೂತಿರುತ್ತಾರೆ. ಬೇಲೂರು, ಆಲೂರು, ಅರಸೀಕೆರೆ, ಎಲ್ಲ ಕಡೆಯಿಂದ ಬರುತ್ತಾರೆ. ಕೈಯಲ್ಲೊಂದು ಶೂ ಡಬ್ಬ, ಅದರೊಳಗೆ ಗಾಡಿ. "ಅಂಕಲ್, ಕೋಡ್ ಸರಿ ಇದೆ, ಆದ್ರೂ ಓಡ್ತಿಲ್ಲ."

ಹೌದು, ಕೋಡ್ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಕೈ ಕೊಟ್ಟಿರುವುದು ಬ್ಯಾಟರಿ, ವೈರು, ಇಲ್ಲವೇ ಬೆಳಕು. ಕೋಡ್ ಕಲಿಸಲು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ನಾನು ಈ ಮೂರರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ನಮ್ಮ ಕಡೆ ಮಕ್ಕಳು ಹೆಚ್ಚಾಗಿ ಮಾಡುವುದು ಕಪ್ಪು ಗೆರೆ ಹಿಡಿದು ಓಡುವ ಲೈನ್ ಫಾಲೋವರ್. ಅದನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ.

ಮೊದಲು ನಿಯಮದ ಹಾಳೆ. ಮೊಬೈಲ್‌ನಲ್ಲಿ ಓದಿ ಬಿಡಬೇಡಿ, ಪ್ರಿಂಟ್ ತೆಗೆಸಿ. ಗಾಡಿಯ ಅಳತೆ ಎಷ್ಟಿರಬೇಕು, ಬ್ಯಾಟರಿ ಎಷ್ಟು ವೋಲ್ಟ್ ಮೀರಬಾರದು, ರೆಡಿಮೇಡ್ ಕಿಟ್ ನಡೆಯುತ್ತದಾ, ರಿಮೋಟ್ ನಡೆಯುತ್ತದಾ, ತಂಡದಲ್ಲಿ ಎಷ್ಟು ಜನ, ಯಾವ ತರಗತಿಯವರು? ಇಷ್ಟಕ್ಕೆ ಗೆರೆ ಹಾಕಿಕೊಳ್ಳಿ. ದೊಡ್ಡ ಸ್ಪರ್ಧೆಗಳಲ್ಲಿ ಅಳತೆ ಬಹಳ ಬಿಗಿ. ಫಸ್ಟ್ ಟೆಕ್ ಚಾಲೆಂಜ್ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಶುರುವಾಗುವಾಗ ರೋಬೋ ಉದ್ದ, ಅಗಲ, ಎತ್ತರ ಮೂರರಲ್ಲೂ 18 ಇಂಚಿನೊಳಗೆ ಕೂರಬೇಕು. ಮೊದಲ 30 ಸೆಕೆಂಡ್ ಯಾರೂ ರಿಮೋಟ್ ಮುಟ್ಟುವಂತಿಲ್ಲ, ಗಾಡಿ ತಾನೇ ಓಡಬೇಕು. ನಿಮ್ಮ ಸ್ಪರ್ಧೆಯ ಅಳತೆ ಏನೇ ಇರಲಿ, ಅಷ್ಟಕ್ಕೆ ಒಂದು ರಟ್ಟಿನ ಡಬ್ಬ ಮಾಡಿ ಗಾಡಿಯನ್ನು ಅದರೊಳಗೆ ಇಟ್ಟು ನೋಡಿ. ಹೊರಗೆ ಚಾಚಿದ ವೈರು ಕೂಡ ಅಳತೆಗೆ ಸೇರುತ್ತದೆ ಅಂತಲೇ ಇಟ್ಟುಕೊಳ್ಳಿ.

ಸಾಮಾನು ಜಾಸ್ತಿ ಬೇಡ. ಒಂದು ಆರ್ಡುವಿನೋ ಊನೋ (ಕೋಡ್ ಹಾಕುವ ಬೋರ್ಡ್), ಬೋರ್ಡ್ ಹೇಳಿದಂತೆ ಮೋಟಾರಿಗೆ ಕರೆಂಟ್ ಕೊಡುವ ಒಂದು ಎಲ್298ಎನ್ ಮೋಟಾರ್ ಡ್ರೈವರ್, ಬಿಓ ಅನ್ನುವ ಹಳದಿ ಬಣ್ಣದ ಎರಡು ಸಣ್ಣ ಗೇರ್ ಮೋಟಾರ್, ಮುಂದಕ್ಕೊಂದು ಎಲ್ಲ ಕಡೆ ತಿರುಗುವ ಕ್ಯಾಸ್ಟರ್ ಚಕ್ರ, ಗೆರೆ ಗುರುತಿಸಲು ಎರಡು ಐಆರ್ (ಇನ್ಫ್ರಾರೆಡ್) ಸೆನ್ಸರ್, ಸೆಲ್, ಸ್ವಿಚ್. ಶುರು ಮಾಡಲು ಇಷ್ಟು ಸಾಕು. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವುದಾದರೆ ತಿಂಗಳು ಮುಂಚೆಯೇ ತರಿಸಿ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಪಾರ್ಸೆಲ್ ಯಾವತ್ತು ಬರುತ್ತದೋ ಹೇಳೋಕಾಗಲ್ಲ. ದುಡ್ಡು ಹಾಕುವ ಮುಂಚೆ ಇನ್ನೊಂದು ಕೆಲಸ ಇದೆ. ಹತ್ತಿರದ ಯಾವ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ ವಿಚಾರಿಸಿ. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಕೇಂದ್ರ ಸರ್ಕಾರ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟು ಮಾಡಿಸಿದ ಲ್ಯಾಬ್ ಅದು. ನಿಮ್ಮ ಹೆಡ್‌ಮಾಸ್ಟರ್ ಒಂದು ಪತ್ರ ಬರೆದುಕೊಟ್ಟರೆ ಮುಗೀತು, ಕೇಳೋದರಲ್ಲಿ ನಾಚಿಕೆ ಯಾಕೆ?

ಈಗ ಬ್ಯಾಟರಿ ವಿಷಯ. ಮಕ್ಕಳು ತರುವ ಗಾಡಿಗಳಲ್ಲಿ ನಾನು ಮೊದಲು ಕಿತ್ತು ಹಾಕುವುದು ಆ ಚೌಕದ 9 ವೋಲ್ಟ್ ಬ್ಯಾಟರಿ. 9 ಅಂದರೆ 6ಕ್ಕಿಂತ ಜಾಸ್ತಿ ಶಕ್ತಿ ಅಂತ ಅವರ ಲೆಕ್ಕ. ಅದು ಮಲ್ಟಿಮೀಟರ್, ಸ್ಮೋಕ್ ಅಲಾರಂನಂಥ ಸಣ್ಣ ಕರೆಂಟಿನ ಕೆಲಸಕ್ಕೆ ಇರುವುದು. ಎರಡು ಮೋಟಾರ್ ಒಟ್ಟಿಗೆ ಎಳೆದ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತದೆ, ಆರ್ಡುವಿನೋ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನೋಡುವವರಿಗೆ ಗಾಡಿ ತಡವರಿಸಿದಂತೆ ಕಾಣುತ್ತದೆ. ಮಕ್ಕಳು ಕೋಡ್ ತಿದ್ದುತ್ತಾ ಕೂರುತ್ತಾರೆ, ಪಾಪ.

18650 ಅನ್ನುವ ಲಿಥಿಯಂ ಸೆಲ್ ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರುವಂತೆ ಹಾಕಿ. ಒಂದೊಂದು 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಎರಡೂ ಸೇರಿ 7.4ರಿಂದ 8.4. ಬಿಓ ಮೋಟಾರಿಗೆ 6 ವೋಲ್ಟ್ ಸಾಕಲ್ವಾ, ಜಾಸ್ತಿ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಎಲ್298ಎನ್ ಹಳೇ ಕಾಲದ ಟ್ರಾನ್ಸಿಸ್ಟರ್ ಚಿಪ್, ಸುಮಾರು 2 ವೋಲ್ಟ್ ಅದೇ ನುಂಗುತ್ತದೆ. ಅದರ ಬೆನ್ನಿಗೆ ಅಷ್ಟು ದಪ್ಪದ ಹೀಟ್ ಸಿಂಕ್ ಇರುವುದು ಅದಕ್ಕೇ. ಕೊನೆಗೆ ಮೋಟಾರಿಗೆ ಸಿಗುವುದು 6ರ ಆಸುಪಾಸು.

ಸೆಲ್ ಕೊಳ್ಳುವಾಗ ಮೇಲೆ ಬರೆದ ನಂಬರಿಗೆ ಮರುಳಾಗಬೇಡಿ. 9800 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಅಂತ ಬರೆದಿದ್ದರೆ ಅದು ಸುಳ್ಳು. ಆ ಅಳತೆಯ ಒಳ್ಳೇ ಸೆಲ್‌ಗಳೇ 2000ರಿಂದ 3500ರೊಳಗೆ ಇರುತ್ತವೆ. ಸೆಲ್ ಸರಿ ಇದೆಯಾ ಅಂತ ನೋಡಲು ನಾನು ಹೀಗೆ ಮಾಡುತ್ತೇನೆ: ಗಾಡಿಯನ್ನು ಮೇಲೆತ್ತಿ ಮೋಟಾರ್ ಓಡಿಸಿ, ಬ್ಯಾಟರಿ ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಆಮೇಲೆ ಎರಡೂ ಚಕ್ರವನ್ನು ಕೈಯಲ್ಲಿ ಒಂದೆರಡು ಸೆಕೆಂಡ್ ಹಿಡಿದು ನಿಲ್ಲಿಸಿ. ಮುಳ್ಳು ಅಥವಾ ನಂಬರ್ ಸ್ವಲ್ಪ ಇಳಿದರೆ ಸರಿ. 7.8 ಇದ್ದದ್ದು 5ಕ್ಕೆ ಬಿದ್ದರೆ ಆ ಸೆಲ್ ಟಾರ್ಚಿಗೆ ಹಾಕಿಕೊಳ್ಳಿ, ಸ್ಪರ್ಧೆಗೆ ಬೇಡ. ಇನ್ನೊಂದು ಎಚ್ಚರಿಕೆ, ಇದು ಮನೆಯವರಿಗೂ ಗೊತ್ತಿರಲಿ: ಲಿಥಿಯಂ ಸೆಲ್ಲನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬೇಡಿ. ಬಿಡಿ ಸೆಲ್ಲನ್ನು ಜೇಬಲ್ಲಿ ಚಿಲ್ಲರೆ, ಕೀ ಜೊತೆ ಇಟ್ಟುಕೊಳ್ಳಬೇಡಿ. ಶಾರ್ಟ್ ಆದರೆ ಬೆಂಕಿಯೇ.

ವೈರಿಗೆ ಬರೋಣ. ಚುಚ್ಚಿ ಜೋಡಿಸುವ ಜಂಪರ್ ವೈರು ಮೇಜಿನ ಮೇಲೆ ಕಲಿಯಲು ಚೆನ್ನಾಗಿದೆ. ಬೇಲೂರಿಂದ ಬಸ್ಸಿನಲ್ಲಿ ಹಾಸನಕ್ಕೆ ಬರುವಷ್ಟರಲ್ಲಿ ಎರಡಾದರೂ ಸಡಿಲ ಆಗಿರುತ್ತವೆ. ಮೋಟಾರಿನ ತುದಿಗಳಿಗೆ ಬೆಸುಗೆ ಹಾಕಲೇಬೇಕು. 25 ವ್ಯಾಟಿನ ಸಾಲ್ಡರಿಂಗ್ ಐರನ್ ಸಾಕು. ಐರನ್ನಿನ ತುದಿಯಲ್ಲಿ ಸೀಸ ಕರಗಿಸಿ ತಂದು ಮೆತ್ತಬೇಡಿ. ಮೊದಲು ತಾಮ್ರವನ್ನು ಬಿಸಿ ಮಾಡಿ, ಆ ಬಿಸಿಗೆ ಸೀಸ ತಾನಾಗಿ ಕರಗಿ ಹರಿಯಬೇಕು. ಆರಿದ ಮೇಲೆ ಹೊಳೆಯುತ್ತಿದ್ದರೆ ಹಿಡಿದಿದೆ, ಮಂಕಾಗಿ ಗುಂಡಗೆ ಕೂತಿದ್ದರೆ ಎಳೆದ ತಕ್ಷಣ ಬರುತ್ತದೆ. ಮೋಟಾರಿನ ಆ ತಗಡಿನ ಕಿವಿ ಬಹಳ ಸೂಕ್ಷ್ಮ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಅದಕ್ಕೇ ವೈರನ್ನು ಮೋಟಾರಿನ ಮೈಗೆ ಒಂದು ಕೇಬಲ್ ಟೈ ಅಥವಾ ಗ್ಲೂ ಗನ್ನಿನ ಅಂಟಿನಿಂದ ಹಿಡಿಸಿ. ಎಳೆತ ಅಲ್ಲಿಗೆ ಬೀಳಲಿ, ಬೆಸುಗೆಗೆ ಬೇಡ. ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟ.

ಅದೇ ಕೈಯಲ್ಲಿ 104 ಅಂತ ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಒಂದನ್ನು ಮೋಟಾರಿನ ಎರಡು ತುದಿಗೆ ಅಡ್ಡಲಾಗಿ ಹಾಕಿಬಿಡಿ. ಮೋಟಾರಿನ ಕಿಡಿಯಿಂದ ಬರುವ ಗದ್ದಲ ಬೋರ್ಡಿಗೆ ತಲುಪುವುದು ಕಮ್ಮಿ ಆಗುತ್ತದೆ. ಬೆಲೆ ಏನೂ ಇಲ್ಲ, ಹಳೇ ರೇಡಿಯೋದಿಂದ ಕಿತ್ತರೂ ಆಗುತ್ತದೆ. ಮತ್ತೆ, ಬೋರ್ಡಿಗೊಂದು ಬ್ಯಾಟರಿ, ಮೋಟಾರಿಗೊಂದು ಬ್ಯಾಟರಿ ಇಟ್ಟವರು ಎರಡರ ಮೈನಸ್ಸನ್ನೂ ಒಟ್ಟಿಗೆ ಸೇರಿಸಲೇಬೇಕು. ಇಲ್ಲದಿದ್ದರೆ ಬೋರ್ಡ್ ಹೇಳಿದ್ದು ಡ್ರೈವರಿಗೆ ಅರ್ಥವೇ ಆಗುವುದಿಲ್ಲ.

ಬೆಳಕಿನ ಕಾಟವೇ ಬೇರೆ. ಶಾಲೆಯ ಕೋಣೆಯಲ್ಲಿ ಸಂಜೆ ಚೆನ್ನಾಗಿ ಓಡಿದ ಗಾಡಿ, ಸ್ಪರ್ಧೆಯ ದಿನ ಕಿಟಕಿ ಪಕ್ಕದ ತಿರುವಿನಲ್ಲಿ ದಾರಿ ಬಿಟ್ಟು ಹೋಗುತ್ತದೆ. ಐಆರ್ ಸೆನ್ಸರ್ ಕೆಲಸ ಮಾಡುವುದು ಕಣ್ಣಿಗೆ ಕಾಣದ ಬೆಳಕಿನಲ್ಲಿ, ಬಿಸಿಲಿನಲ್ಲಿ ಆ ಬೆಳಕು ಧಾರಾಳವಾಗಿದೆ. ಸೆನ್ಸರ್ ಉರಿಯುತ್ತಿದೆಯಾ ಅಂತ ನೋಡಬೇಕಾದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ, ನೇರಳೆ ಬಣ್ಣದ ಚುಕ್ಕಿ ಕಾಣುತ್ತದೆ. ಮೊದಲ ಸಲ ತೋರಿಸಿದಾಗ ಮಕ್ಕಳು ಮೊಬೈಲ್ ಕಿತ್ತಾಡುತ್ತಾರೆ.

ಸೆನ್ಸರನ್ನು ನೆಲದಿಂದ ಒಂದು ಸೆಂಟಿಮೀಟರಿನೊಳಗೆ ಇಡಿ. ಸುತ್ತ ಕಪ್ಪು ಚಾರ್ಟ್ ಪೇಪರಿನದ್ದೊಂದು ಲಂಗ ತೊಡಿಸಿದಂತೆ ಮರೆ ಕಟ್ಟಿ, ನೆಲಕ್ಕೆ ತಾಗದಷ್ಟು. ಅಭ್ಯಾಸದ ಟ್ರ್ಯಾಕನ್ನು ಬಿಳಿ ಶೀಟಿನ ಮೇಲೆ ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಇನ್ಸುಲೇಷನ್ ಟೇಪಿನಲ್ಲೇ ಮಾಡಿ. ಕೆಲವು ಮಾರ್ಕರ್ ಪೆನ್ನಿನ ಕಪ್ಪು ನಮಗೆ ಮಾತ್ರ ಕಪ್ಪು, ಐಆರ್ ಸೆನ್ಸರಿಗೆ ಅಲ್ಲಿ ಗೆರೆಯೇ ಇಲ್ಲ. ಸ್ಪರ್ಧೆಯ ಜಾಗಕ್ಕೆ ಹೋದ ತಕ್ಷಣ ಮಾಡಬೇಕಾದ ಕೆಲಸ ಇದು: ಗಾಡಿಯನ್ನು ಕೈಯಲ್ಲಿ ಹಿಡಿದು ಟ್ರ್ಯಾಕಿನ ಬಿಳಿ ಮೇಲೆ, ಕಪ್ಪು ಮೇಲೆ ಇಟ್ಟು, ಸೆನ್ಸರಿನ ಸೂಕ್ಷ್ಮತೆ ಹೊಂದಿಸುವ ಸಣ್ಣ ನೀಲಿ ಪ್ರಿಸೆಟ್ಟನ್ನು ಟೆಸ್ಟರಿನಿಂದ ತಿರುಗಿಸುತ್ತಾ ಹೊಂದಿಸುವುದು. ಕಿಟಕಿ ಕಡೆ ಒಮ್ಮೆ, ಗೋಡೆ ಕಡೆ ಒಮ್ಮೆ. ಟ್ರ್ಯಾಕ್ ಫ್ಲೆಕ್ಸ್‌ನದ್ದಾಗಿದ್ದರೆ ಲೈಟಿನ ಹೊಳಪು ಬೀಳುವ ಜಾಗದಲ್ಲಿ ಇನ್ನೂ ಒಮ್ಮೆ.

ಕೋಡ್ ಬಗ್ಗೆ ಎರಡೇ ಮಾತು. ಎರಡೂ ಮೋಟಾರಿಗೆ ಒಂದೇ ಸ್ಪೀಡ್ ನಂಬರ್ ಕೊಟ್ಟರೆ ಗಾಡಿ ನೇರ ಹೋಗುವುದಿಲ್ಲ, ಎರಡು ಮೋಟಾರ್ ಯಾವತ್ತೂ ಒಂದೇ ಥರ ಇರಲ್ಲ. ಜೋರಾಗಿ ಓಡುವ ಕಡೆಯ ನಂಬರ್ ಇಳಿಸಿ. ಮತ್ತೆ 255ರ ಪೂರ್ತಿ ಸ್ಪೀಡಿಗೆ ಆಸೆಪಡಬೇಡಿ. ಗೆರೆ ಬಿಟ್ಟು ಹೋದ ಜೋರು ಗಾಡಿಗಿಂತ ನಿಧಾನವಾಗಿ ಮುಗಿಸಿದ ಗಾಡಿಗೆ ಅಂಕ ಜಾಸ್ತಿ. ರಿಮೋಟ್ ಗಾಡಿ ಮಾಡುವವರು ಎಚ್‌ಸಿ-05 ಅನ್ನುವ ಬ್ಲೂಟೂತ್ ಮಾಡ್ಯೂಲಿನ ಹೆಸರು ಬದಲಿಸಿಕೊಂಡೇ ಹೋಗಿ. ಅಲ್ಲಿ ಹತ್ತು ತಂಡದ ಮಾಡ್ಯೂಲಿಗೂ ಅದೇ ಹೆಸರು, ಪಾಸ್‌ವರ್ಡ್ ಅದೇ 1234. ಆ ಮಾಡ್ಯೂಲನ್ನು ಆರ್ಡುವಿನೋದ 0 ಮತ್ತು 1ನೇ ಪಿನ್ನಿಗೆ ಹಾಕಿದ್ದರೆ ಕೋಡ್ ಅಪ್‌ಲೋಡ್ ಮಾಡುವಾಗ ಬಿಚ್ಚಬೇಕು.

ಹೊರಡುವ ಹಿಂದಿನ ರಾತ್ರಿ ಹೊಸದೇನೂ ಸೇರಿಸಬೇಡಿ. ಸ್ಕ್ರೂ ಎಲ್ಲ ಒಮ್ಮೆ ಬಿಗಿ ಮಾಡಿ, ಸೆಲ್ ಬಿಚ್ಚಿ ಬೇರೆ ಡಬ್ಬದಲ್ಲಿ ಹಾಕಿ, ಗಾಡಿಯನ್ನು ಥರ್ಮಾಕೋಲ್ ಡಬ್ಬದಲ್ಲಿ ಇಡಿ. ಚಿಕ್ಕಮಗಳೂರು ಕಡೆಯಿಂದ ಮಳೆಯಲ್ಲಿ ಬರುವವರು ಚಪ್ಪಲಿ ಡಬ್ಬದಲ್ಲಿ ಸಿಗುತ್ತದಲ್ಲಾ ಸಿಲಿಕಾ ಜೆಲ್ ಪೊಟ್ಟಣ, ಅದನ್ನೂ ಒಂದೆರಡು ಹಾಕಿ. ಚೀಲದಲ್ಲಿ ಒಂದು ಜೊತೆ ಚಾರ್ಜ್ ಆದ ಸೆಲ್, ಬೆಸುಗೆ ಹಾಕಿಟ್ಟ ಒಂದು ಮೋಟಾರ್, ಟೆಸ್ಟರ್, ಇನ್ಸುಲೇಷನ್ ಟೇಪ್, ಯುಎಸ್‌ಬಿ ಕೇಬಲ್ ಇರಲಿ. ನಕಲಿ ಆರ್ಡುವಿನೋ ಆದರೆ ಕಂಪ್ಯೂಟರಿಗೆ ಸಿಎಚ್340 ಡ್ರೈವರ್ ಸಾಫ್ಟ್‌ವೇರ್ ಬೇಕಾಗುತ್ತದೆ. ಅದನ್ನೂ ನಿಮ್ಮ ಕೋಡನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಳ್ಳಿ, ಅಲ್ಲಿನ ಇಂಟರ್ನೆಟ್ ನೆಚ್ಚಿಕೊಳ್ಳಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದರೆ ಪಕ್ಕದ ತಂಡದವರೂ ಸ್ನೇಹಿತರಾಗುತ್ತಾರೆ.

ಅಲ್ಲಿ ಮೇಷ್ಟ್ರನ್ನು ಒಳಗೆ ಬಿಡದೇ ಇರಬಹುದು. ಹಾಗಾಗಿ ಯಾರು ಏನು ಮಾಡುವುದು ಅಂತ ಮೊದಲೇ ಮಾತಾಡಿಕೊಂಡಿರಿ. ಒಬ್ಬರು ಗಾಡಿ ಇಡುವುದು, ಒಬ್ಬರು ಪ್ರಿಸೆಟ್, ಒಬ್ಬರು ಟೈಮ್ ನೋಡುವುದು. ತೀರ್ಪುಗಾರರು ಬಂದು ಕೇಳಿದರೆ ಆ ಭಾಗ ಮಾಡಿದವರೇ ಉತ್ತರ ಹೇಳಲಿ. ಹುಡುಗಿ ಬೆಸುಗೆ ಹಾಕಿದ್ದು, ಹುಡುಗ ನಿಂತು ವಿವರಿಸೋದು, ಇದನ್ನು ನಾನು ಬಹಳ ನೋಡಿದ್ದೇನೆ. ಅದು ತೀರ್ಪುಗಾರರಿಗೂ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಓಟ ಮುಗಿದ ಮೇಲೆ ಅಂಕದ ಹಾಳೆಗೆ ಸಹಿ ಕೇಳುತ್ತಾರೆ. ಖುಷಿಯಲ್ಲೋ ಬೇಜಾರಲ್ಲೋ ಸುಮ್ನೆ ಸಹಿ ಹಾಕಬೇಡಿ. ಎಷ್ಟು ಚೆಕ್‌ಪಾಯಿಂಟ್ ದಾಟಿತು, ಎಷ್ಟು ಸೆಕೆಂಡ್ ಅಂತ ನಿಮ್ಮ ಟೈಮ್ ನೋಡಿದವರ ಲೆಕ್ಕದ ಜೊತೆ ಹೋಲಿಸಿ. ವ್ಯತ್ಯಾಸ ಇದ್ದರೆ ನಿಯಮದ ಹಾಳೆ ತೆಗೆದು, "ಸರ್, ಇದೊಂದು ನೋಡ್ತೀರಾ" ಅಂತ ಅಲ್ಲೇ ಕೇಳಿ. ಸಹಿ ಬಿದ್ದ ಮೇಲೆ ಅದನ್ನು ತಿದ್ದಿಸುವುದು ಕಷ್ಟ.