ದಿಲ್ಲಿಯ ಮೇಲಿನ ಸಿಟ್ಟನ್ನು ಹತ್ತು ರೂಪಾಯಿಯ ಅರ್ಜಿಯಾಗಿ ಬರೆಯುವ ಬಗೆ

ನಮ್ಮ ಬೀದಿಯಲ್ಲಿ ಸಣ್ಣ ಸರಕು ವಾಹನವೊಂದನ್ನು ಇಟ್ಟುಕೊಂಡು ತರಕಾರಿ ಸಾಗಿಸುವ ಯುವಕನೊಬ್ಬನಿದ್ದಾನೆ. ಲಾಕ್‌ಡೌನ್‌ನಿಂದಾಗಿ ಬಾಡಿಗೆಯೇ ಸಿಗದಿದ್ದ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಡೀಸೆಲ್ ಮೇಲಿನ ಸುಂಕವನ್ನು ಲೀಟರಿಗೆ 13 ರೂಪಾಯಿ, ಪೆಟ್ರೋಲ್ ಮೇಲಿನ ಸುಂಕವನ್ನು 10 ರೂಪಾಯಿ ಹೆಚ್ಚಿಸಿತು. ಬಂಕಿನ ದರ ಅಂದೇ ಏರಲಿಲ್ಲ, ನಿಜ. ಆದರೆ ಕಚ್ಚಾ ತೈಲದ ಬೆಲೆ ಪಾತಾಳಕ್ಕೆ ಇಳಿದಿದ್ದರಿಂದ ಅವನಿಗೆ ಸಿಗಬೇಕಾಗಿದ್ದ ಇಳಿಕೆ ಸಿಗಲಿಲ್ಲ, ಜೂನ್ ಬಂದೊಡನೆ ದಿನಕ್ಕಿಷ್ಟರಂತೆ ದರ ಏರತೊಡಗಿತು. "ಮೇಷ್ಟ್ರೇ, ಇದನ್ನೆಲ್ಲ ಯಾರನ್ನ ಕೇಳಬೇಕು?" ಎಂದು ಅವನು ಕೇಳಿದಾಗ ನಾನೂ ಅವನ ಜೊತೆ ಸೇರಿ ನಾಲ್ಕು ಮಾತು ಬೈದೆನೇ ಹೊರತು ಉತ್ತರ ಹೇಳಲಾಗಲಿಲ್ಲ. ಆಮೇಲೆ ನಾಲ್ಕಾರು ಅರ್ಜಿ ಬರೆದು, ಅವುಗಳಲ್ಲಿ ಕೆಲವನ್ನು ಕೆಡಿಸಿ, ಕಲಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಧನ ಎಲ್ಲರಿಗೂ ಗೊತ್ತಿರುವುದೇ: 2005ರ ಮಾಹಿತಿ ಹಕ್ಕು ಕಾಯ್ದೆ. ಆದರೆ ನಮ್ಮಲ್ಲಿ ಬಹುತೇಕರು ಅದನ್ನು ಪಂಚಾಯಿತಿಯ ಚರಂಡಿಗೆ, ತಾಲ್ಲೂಕು ಕಚೇರಿಯ ಪಹಣಿಗೆ ಮೀಸಲಿಟ್ಟಿದ್ದಾರೆ. ಅದೇ ಅರ್ಜಿ ಹಣಕಾಸು ಸಚಿವಾಲಯಕ್ಕೂ ರಿಸರ್ವ್ ಬ್ಯಾಂಕಿಗೂ ಹೋಗುತ್ತದೆಂಬುದು ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ.

ಮೊದಲು ಸಿಟ್ಟನ್ನು ಒಂದೇ ಒಂದು ತೀರ್ಮಾನಕ್ಕೆ ಇಳಿಸಿಕೊಳ್ಳಬೇಕು. ನಾನು ಕಳಿಸಿದ ಮೊದಲ ಅರ್ಜಿಯಲ್ಲಿ "ಬೆಲೆ ಏರಿಕೆ ತಡೆಯಲು ಸರ್ಕಾರ ಏಕೆ ವಿಫಲವಾಗಿದೆ, ಇದಕ್ಕೆ ಯಾರು ಹೊಣೆ?" ಎಂದು ಕೇಳಿದ್ದೆ. ಇದು ಕಾಯ್ದೆಯ ಅರ್ಥದಲ್ಲಿ ಮಾಹಿತಿಯೇ ಅಲ್ಲ ಎಂಬ ಎರಡು ಸಾಲಿನ ಉತ್ತರ ಒಂದು ತಿಂಗಳ ನಂತರ ಬಂತು. ಅಧಿಕಾರಿಯ ಮೇಲೆ ಕೋಪ ಬಂದರೂ ಕಾನೂನು ಅವರ ಕಡೆಗೇ ಇತ್ತು. 'ಏಕೆ' ಎಂಬ ಪ್ರಶ್ನೆಗೆ ಸಮರ್ಥನೆ ಕೊಡುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲವೆಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲಿಯೇ ಹೇಳಿದೆ. ಕಾಯ್ದೆ ಕೊಡುವುದು ಕಚೇರಿಯಲ್ಲಿ ಈಗಾಗಲೇ ಇರುವ ಕಾಗದವನ್ನು: ಆದೇಶ, ಸುತ್ತೋಲೆ, ಒಪ್ಪಂದ, ವರದಿ, ಇಮೇಲ್, ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ ಕಡತದ ಟಿಪ್ಪಣಿ ಹಾಳೆ. ಯಾವ ಅಧಿಕಾರಿ ಏನು ಸಲಹೆ ಕೊಟ್ಟರು, ಯಾರು ಆಕ್ಷೇಪಿಸಿದರು, ಕೊನೆಗೆ ಯಾರ ಸಹಿ ಬಿತ್ತು ಎಂಬುದೆಲ್ಲ ಇರುವುದು ಆ ಹಾಳೆಗಳಲ್ಲಿ. 'ಏಕೆ' ಎಂಬುದರ ಉತ್ತರವೂ ಅಲ್ಲಿಯೇ ಇರುತ್ತದೆ, ಅದನ್ನು ಹಾಗೆಂದು ಕೇಳಬಾರದು, ಅಷ್ಟೇ.

ಆದ್ದರಿಂದ ನಮ್ಮ ಬೀದಿಯ ಯುವಕನ ಪ್ರಶ್ನೆಯನ್ನು ನಾನಾದರೆ ಹೀಗೆ ಬರೆಯುತ್ತೇನೆ: "2020ರ ಮೇ ತಿಂಗಳಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ವಿಶೇಷ ಹೆಚ್ಚುವರಿ ಅಬಕಾರಿ ಸುಂಕವನ್ನೂ ರಸ್ತೆ ಮತ್ತು ಮೂಲಸೌಕರ್ಯ ಸೆಸ್ಸನ್ನೂ ಹೆಚ್ಚಿಸಿ ಹೊರಡಿಸಿದ ಅಧಿಸೂಚನೆಗಳಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ಮತ್ತು ಪತ್ರವ್ಯವಹಾರದ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು." ಇದರಲ್ಲಿ ಕಾಲವಿದೆ, ಸುಂಕದ ಹೆಸರಿದೆ, ಬೇಕಾದ ಕಾಗದ ಯಾವುದೆಂದಿದೆ, ಬೈಗುಳವಿಲ್ಲ.

ಸುಂಕದ ಹೆಸರನ್ನು ಬಿಡಿಸಿ ಬರೆಯುವುದಕ್ಕೆ ಕಾರಣವುಂಟು. 2021ರಲ್ಲಿ ಒಂದು ಲೀಟರ್ ಪೆಟ್ರೋಲ್ ಮೇಲೆ ಕೇಂದ್ರವು ವಸೂಲು ಮಾಡುತ್ತಿದ್ದ 32 ರೂಪಾಯಿ 90 ಪೈಸೆಯಲ್ಲಿ ಮೂಲ ಅಬಕಾರಿ ಸುಂಕವೆಂದು ಇದ್ದದ್ದು 1 ರೂಪಾಯಿ 40 ಪೈಸೆ ಮಾತ್ರ. ಉಳಿದದ್ದೆಲ್ಲ ಸೆಸ್ (ನಿರ್ದಿಷ್ಟ ಉದ್ದೇಶಕ್ಕೆಂದು ಹಾಕುವ ತೆರಿಗೆ), ಸರ್‌ಚಾರ್ಜ್ (ತೆರಿಗೆಯ ಮೇಲೆ ಹೇರುವ ಹೆಚ್ಚುವರಿ ತೆರಿಗೆ) ಮಾದರಿಯ ಸುಂಕ. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗವು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ ಬಗ್ಗೆ ನಮ್ಮಲ್ಲಿ ಸಾಕಷ್ಟು ಗದ್ದಲವಾಯಿತು, ಆಗಬೇಕಾದದ್ದೇ; ಆದರೆ ಹಂಚಬೇಕಾದ ಗಡಿಗೆಯೇ ಹೀಗೆ ಕಿರಿದಾಗುತ್ತಿರುವಾಗ ಶೇಕಡಾವಾರು ಲೆಕ್ಕವೊಂದನ್ನೇ ಹಿಡಿದುಕೊಂಡರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ.

ಇಂಥ ಅಂಕಿಗಳನ್ನು ಅರ್ಜಿ ಹಾಕಿ ಕೇಳಬೇಡಿ. ಅವು ಬಜೆಟ್ಟಿನ ಸ್ವೀಕೃತಿ ದಾಖಲೆಯಲ್ಲೂ ಪೆಟ್ರೋಲಿಯಂ ಸಚಿವಾಲಯದ ಅಧೀನದ ಯೋಜನೆ ಮತ್ತು ವಿಶ್ಲೇಷಣಾ ಕೋಶದ ಜಾಲತಾಣದಲ್ಲೂ ಲೋಕಸಭೆಯ ಲಿಖಿತ ಉತ್ತರಗಳಲ್ಲೂ ಸಿಗುತ್ತವೆ. ಪ್ರಕಟವಾಗಿರುವುದನ್ನೇ ಕೇಳಿದರೆ ಜಾಲತಾಣದ ವಿಳಾಸವೊಂದನ್ನು ಬರೆದು ಕೈತೊಳೆದುಕೊಳ್ಳುತ್ತಾರೆ, ನಿಮ್ಮ ಒಂದು ತಿಂಗಳು ವ್ಯರ್ಥ.

ಎಲ್ಲಿಗೆ ಕಳಿಸಬೇಕೆಂಬುದರಲ್ಲಿ ಹಲವರು ಎಡವುತ್ತಾರೆ. ತೈಲದ ಬೆಲೆಯೆಂದರೆ ಪೆಟ್ರೋಲಿಯಂ ಸಚಿವಾಲಯ ಎಂದು ಅನಿಸುವುದು ಸಹಜ, ಆದರೆ ಸುಂಕದ ಕಡತ ಇರುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯಲ್ಲಿ, ಅದರಲ್ಲೂ ತೆರಿಗೆ ಸಂಶೋಧನಾ ಘಟಕದಲ್ಲಿ. ತಪ್ಪು ಕಚೇರಿಗೆ ಹೋದರೂ ಅರ್ಜಿಯನ್ನು 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕೆಂದು 6(3)ನೇ ಸೆಕ್ಷನ್ ಹೇಳುತ್ತದೆ. ಆದರೂ ನೇರವಾಗಿ ಬರೆದರೆ ಓಡಾಟ ತಪ್ಪುತ್ತದೆ.

ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ಅದನ್ನೂ ಕಟ್ಟಬೇಕಿಲ್ಲ. ಕೇಂದ್ರ ಸರ್ಕಾರದ ಆರ್‌ಟಿಐ ಜಾಲತಾಣದಲ್ಲಿ ಕಾರ್ಡ್ ಅಥವಾ ಯುಪಿಐ ಮೂಲಕ ಕಟ್ಟಿ ಅಲ್ಲಿಯೇ ಅರ್ಜಿ ಹಾಕಬಹುದು. ಆದರೆ ಕನ್ನಡಿಗರು ನೆನಪಿಡಬೇಕಾದ ಒಂದು ಮಾತು 6(1)ನೇ ಸೆಕ್ಷನ್ನಿನಲ್ಲಿದೆ: ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು. ಕರ್ನಾಟಕದಲ್ಲಿ ಕುಳಿತು ದಿಲ್ಲಿಗೆ ಕನ್ನಡದಲ್ಲಿ ಬರೆದ ಅರ್ಜಿ ಕಾನೂನುಬದ್ಧವೇ. ಕನ್ನಡದಲ್ಲಿ ಬರೆಯುವುದಾದರೆ ಅಂಚೆಯೇ ವಾಸಿ: 'ಅಕೌಂಟ್ಸ್ ಆಫೀಸರ್' ಹೆಸರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನೂ ಆರ್ಡರಿನ ಸಂಖ್ಯೆಯನ್ನೂ ಜೋಪಾನವಾಗಿಡಿ. ಕೇಂದ್ರದ ನಿಯಮದಂತೆ ಅರ್ಜಿ ಸಾಮಾನ್ಯವಾಗಿ 500 ಪದಗಳೊಳಗಿರಬೇಕು. ರಾಜ್ಯದ ಕಚೇರಿಗಳಿಗಾದರೆ ಕರ್ನಾಟಕದ ನಿಯಮ 150 ಪದ, ಒಂದೇ ವಿಷಯ ಎಂದು ಕಟ್ಟುಹಾಕಿದೆ. ಮಾಹಿತಿ ಏಕೆ ಬೇಕೆಂದು ಎಲ್ಲಿಯೂ ಹೇಳಬೇಕಾಗಿಲ್ಲ, ಹೇಳಲೂಬೇಡಿ.

30 ದಿನಗಳಲ್ಲಿ ಉತ್ತರ ಬರಬೇಕು. ಆರ್ಥಿಕ ನೀತಿಯ ಕಡತಗಳ ವಿಷಯದಲ್ಲಿ ಮೊದಲ ಉತ್ತರ ನಿರಾಕರಣೆಯೇ ಎಂದು ಎಣಿಸಿಕೊಂಡೇ ಹೊರಡುವುದು ಒಳ್ಳೆಯದು. ಸಾಮಾನ್ಯವಾಗಿ ಮುಂದಿಡುವ ಕಾರಣಗಳು ಎರಡು. ದೇಶದ ಆರ್ಥಿಕ ಹಿತಕ್ಕೆ ಧಕ್ಕೆ ಎಂಬುದು ಒಂದು, 8(1)(ಎ). ಸಚಿವ ಸಂಪುಟದ ಕಾಗದ ಎಂಬುದು ಇನ್ನೊಂದು, 8(1)(ಐ). ಎರಡನೆಯದರ ಕೆಳಗೇ ಒಂದು ಷರತ್ತು ಇದೆ: ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಆ ತೀರ್ಮಾನವನ್ನೂ ಅದರ ಕಾರಣಗಳನ್ನೂ ಆಧಾರಗಳನ್ನೂ ಬಹಿರಂಗಪಡಿಸಬೇಕು. ವರ್ಷಗಳ ಹಿಂದಿನ ಸುಂಕದ ಆದೇಶಕ್ಕೆ ಈ ಷರತ್ತು ಸರಿಯಾಗಿ ಹೊಂದುತ್ತದೆ. ಉತ್ತರ ಕೈಸೇರಿದ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಬರೆದು ಈ ಷರತ್ತನ್ನು ಉಲ್ಲೇಖಿಸಿ. ಗುಟ್ಟಾಗಿಡಬೇಕಾದ ಸಾಲುಗಳಿದ್ದರೆ ಅವನ್ನು ಮುಚ್ಚಿ ಉಳಿದದ್ದನ್ನು ಕೊಡಲು 10ನೇ ಸೆಕ್ಷನ್ ಅವಕಾಶ ನೀಡುತ್ತದೆಂದೂ, ನಿರಾಕರಣೆ ಸರಿಯೆಂದು ರುಜುವಾತುಪಡಿಸುವ ಹೊಣೆ 19(5)ರಂತೆ ಅಧಿಕಾರಿಯದ್ದೆಂದೂ ಸೇರಿಸಿ. ಕೇಂದ್ರದಲ್ಲಿ ಈ ಮೇಲ್ಮನವಿಗೆ ಶುಲ್ಕವಿಲ್ಲ.

ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಬಹುದು. ವಿಚಾರಣೆಗೆ ದಿಲ್ಲಿಗೇ ಹೋಗಬೇಕೆಂದಿಲ್ಲ, ಜಿಲ್ಲಾ ಕೇಂದ್ರದಿಂದ ವಿಡಿಯೊ ಮೂಲಕ ಹಾಜರಾಗುವ ವ್ಯವಸ್ಥೆಯಿದೆ. ಆದರೆ ಈ ಬಾಗಿಲು ಮೊದಲಿನಷ್ಟು ಅಗಲವಾಗಿಲ್ಲ. ಮಾಹಿತಿ ಆಯುಕ್ತರಿಗೆ ಕಾಯ್ದೆಯೇ ಕೊಟ್ಟಿದ್ದ 5 ವರ್ಷಗಳ ಅವಧಿಯನ್ನು ತೆಗೆದು, ಅವಧಿ ಮತ್ತು ಸಂಬಳ ಎರಡನ್ನೂ ಕೇಂದ್ರ ಸರ್ಕಾರವೇ ನಿಗದಿಪಡಿಸುವಂತೆ 2019ರಲ್ಲಿ ತಿದ್ದುಪಡಿಯಾಯಿತು. ಅವಧಿ ಈಗ 3 ವರ್ಷ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಸೆಕ್ಷನ್ನಿನಿಂದ ಸಾರ್ವಜನಿಕ ಹಿತದ ಮಾತನ್ನೇ ತೆಗೆದುಹಾಕಿತು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಮಾತ್ರ ಉಳಿದಿದೆ. ಹಾಗಾಗಿ ಅರ್ಜಿಯಲ್ಲಿ ವ್ಯಕ್ತಿಗಳ ಹೆಸರು ಹಿಡಿಯದೆ ಹುದ್ದೆ ಮತ್ತು ಕಡತವನ್ನಷ್ಟೇ ಕೇಳಿ.

ಇಷ್ಟು ಮಾಡಿ ಏನು ಸಿಕ್ಕೀತು ಎಂದು ಕೇಳುವವರಿಗೆ ನಾನು ನೋಟು ರದ್ದತಿಯ ಕಡತವನ್ನು ನೆನಪಿಸುತ್ತೇನೆ. 2016ರ ನವೆಂಬರ್ 8ರ ಸಂಜೆ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಸೇರಿದ ಸಭೆಯ ನಡಾವಳಿ, ಮಾಹಿತಿ ಹಕ್ಕು ಕಾರ್ಯಕರ್ತ ವೆಂಕಟೇಶ್ ನಾಯಕ್ ಅವರ ಅರ್ಜಿಯಿಂದಾಗಿ 2019ರ ಮಾರ್ಚ್‌ನಲ್ಲಿ ಹೊರಬಂತು. ಕಪ್ಪುಹಣದ ಬಹುಪಾಲು ಇರುವುದು ನಗದಿನಲ್ಲಲ್ಲ, ಚಿನ್ನ ಮತ್ತು ಸ್ಥಿರಾಸ್ತಿಯಲ್ಲಿ ಎಂದು ಆ ಸಭೆಯಲ್ಲಿಯೇ ದಾಖಲಾಗಿತ್ತು. ಹಾಗಿದ್ದೂ ಮಂಡಳಿ ಒಪ್ಪಿಗೆ ಕೊಟ್ಟಿತ್ತು. ಅಂದು ರಾತ್ರಿ ಟಿವಿ ಮುಂದೆ ಕುಳಿತಿದ್ದ ನಮಗಾರಿಗೂ ಇದು ಗೊತ್ತಿರಲಿಲ್ಲ.

ಯುವಕನಿಗೆ ಮೇಲಿನ ಒಕ್ಕಣೆಯನ್ನು ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ಸಹಿ, ವಿಳಾಸ, ದಿನಾಂಕ ಮೂರನ್ನೂ ಅವನೇ ತುಂಬಬೇಕು. ಝೆರಾಕ್ಸ್ ಒಂದನ್ನು ಗಾಡಿಯ ಆರ್‌ಸಿ ಇಡುವ ಕವರಿನಲ್ಲೇ ಇಟ್ಟುಕೊಳ್ಳಲು ಹೇಳಿದ್ದೇನೆ. 30ನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ನನ್ನದು.