ಮಗು ಬರುವ ಮೊದಲು ದೊಡ್ಡ ಮನೆಗೆ ಹೋಗುವವರಿಗೆ

ಐದನೇ ತಿಂಗಳಲ್ಲೇ ಹುಡುಕಲು ಶುರು ಮಾಡಿ. ನಾವು ಏಳರವರೆಗೆ ಕಾದೆವು, ಅಷ್ಟರಲ್ಲಿ ತುಳುವರು ಶುಭಕಾರ್ಯ ಮಾಡದ ಆಟಿ ತಿಂಗಳು ಬಂತು. ಆಟಿಯಲ್ಲಿ ಮನೆ ಒಕ್ಕಲು ಬೇಡವೇ ಬೇಡ ಎಂದು ಅತ್ತೆ ಪಟ್ಟು ಹಿಡಿದರು. ಮಂಗಳೂರಿನ ಕದ್ರಿಯ ಒಂದೇ ಬೆಡ್‌ರೂಮಿನ ಮನೆಯಲ್ಲಿ ಇನ್ನೊಂದು ತಿಂಗಳು ಕಳೆಯಬೇಕಾಯಿತು.

ಮನೆಯನ್ನು ಜೋರು ಮಳೆಯಲ್ಲೇ ನೋಡಿ. ಮಂಗಳೂರಿನಲ್ಲಿ ಗಾಳಿಮಳೆ ಹೊಡೆಯುವುದು ಪಡು ದಿಕ್ಕಿನಿಂದ ಅಲ್ವಾ? ಆ ಕಡೆಯ ಗೋಡೆಗೆ ಅಂಗೈ ಒತ್ತಿ. ಒದ್ದೆ ಅನ್ನಿಸಿದರೆ, ಕಪಾಟಿನೊಳಗೆ ಬೂಷ್ಟಿನ ವಾಸನೆ ಬಂದರೆ, ಸುಮ್ನೆ ವಾಪಸ್ ಬನ್ನಿ. ಹೊಸ ಪೇಂಟ್ ನಂಬಬೇಡಿ.

ಜಾಸ್ತಿ ರೂಮಿಗಿಂತ ಬಟ್ಟೆ ಒಣಗಿಸುವ ಜಾಗ ಮುಖ್ಯ. ಜುಲೈ ಮಳೆಯಲ್ಲಿ ದಿನಕ್ಕೆ 15 ಲಂಗೋಟಿ ಎಲ್ಲಿ ಹಾಕುತ್ತೀರಿ? ಮಾಡು ಇರುವ ಬಾಲ್ಕನಿ ಬೇಕು. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಲು ಬಚ್ಚಲೂ ಅಗಲ ಇರಲಿ. ನನ್ನ ಅಮ್ಮ ಬಿಜೈಯ ಮನೆಯ ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಚಾಚಿ ನೋಡಿದ ಮೇಲೆಯೇ ಒಪ್ಪಿದ್ದು. ಓನರ್ ಕಕ್ಕಾಬಿಕ್ಕಿ!

ಲಿಫ್ಟ್ ಇದ್ದರೆ ಒಳ್ಳೇದು. ಬಾವಿ ಇದ್ದರೆ ಇನ್ನೂ ಒಳ್ಳೇದು, ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ನೀರು ಇಳಿದರೆ ನಳ್ಳಿ ನಂಬುವ ಹಾಗಿಲ್ಲ.

ಸಾಮಾನು ಎತ್ತಲು ಹೋಗಬೇಡಿ. ಕುರ್ಚಿಯಲ್ಲಿ ಕೂತು ಡಬ್ಬಗಳ ಮೇಲೆ ಹೆಸರು ಬರೆಯಿರಿ, ಸಾಕು. ಆಸ್ಪತ್ರೆ ಫೈಲ್ ಮಾತ್ರ ನಿಮ್ಮ ಬ್ಯಾಗಲ್ಲೇ ಇರಲಿ. ನಮ್ಮದು ಎರಡು ದಿನ ಪಾತ್ರೆಗಳ ಗೋಣಿಯಲ್ಲಿತ್ತು.