ಗದ್ದೆಯ ಬದುವಿನ ಗಿಡವನ್ನು ಹರ್ಬೇರಿಯಂ ಹಾಳೆಗೆ ಏರಿಸುವ ಬಗೆ

ಗವರ್ನರ್ ಜನರಲ್ ವೆಲ್ಲೆಸ್ಲಿಯವರ ಆದೇಶದಂತೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಬೆಳೆ, ನೀರಾವರಿ, ಮಣ್ಣುಗಳ ವಿವರ ಕಲೆಹಾಕುತ್ತಲೇ ಗಿಡಗಳನ್ನೂ ಸಂಗ್ರಹಿಸಿದರು. ಕಾಡುಮರಗಳನ್ನು ಇಲ್ಲಿನ ಜನ ಏನೆಂದು ಕರೆಯುತ್ತಾರೆ ಎಂಬುದನ್ನೂ ಬರೆದುಕೊಂಡರು. ದೂರದಲ್ಲಿ ಕುಳಿತವರಿಗೆ ಗಿಡ ನಿಂತಿದ್ದ ನೆಲವನ್ನು ಕಾಣಿಸುವುದು ಇಂಥ ಬರವಣಿಗೆಯೇ ಆದ್ದರಿಂದ, ಹರ್ಬೇರಿಯಂಗೆ, ಅಂದರೆ ಒತ್ತಿ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ಗಿಡ ಕೀಳುವ ಮೊದಲೇ ಟಿಪ್ಪಣಿ ಪುಸ್ತಕ ಕೈಯಲ್ಲಿರಬೇಕು.

ಚಾಮುಂಡಿ ಬೆಟ್ಟ, ಮೇಲುಕೋಟೆಯ ವನ್ಯಧಾಮ, ರಂಗನತಿಟ್ಟು ಇಲ್ಲೆಲ್ಲ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದೆಲೆಯನ್ನೂ ಕೀಳಬಾರದು. ಹಕ್ಕಿ, ಪ್ರಾಣಿಗಳನ್ನು ಹಳೆಯ ಸಂಗ್ರಾಹಕರಂತೆ ಹಿಡಿಯದೆ ಛಾಯಾಚಿತ್ರಕ್ಕೆ ಬಿಟ್ಟುಬಿಡಿ. ಮಂಡ್ಯದ ಕಡೆಯ ಯಾವುದೇ ಗದ್ದೆಯ ಬದುವಿನಲ್ಲಿ, ಒಡೆಯರನ್ನು ಕೇಳಿಕೊಂಡು, ತುಂಬೆ, ಉತ್ತರಾಣಿ, ಹೊನಗೊನೆಗಳಿಂದ ಆರಂಭಿಸಬಹುದು.

ಚಿಕ್ಕ ಗಿಡವಾದರೆ ಬೇರುಸಹಿತ ತೆಗೆಯಬೇಕು. ದೊಡ್ಡದಾದರೆ ಹೂವು, ಸಾಧ್ಯವಾದರೆ ಕಾಯಿಯೂ ಇರುವ ರೆಂಬೆ ಸಾಕು. ಒಂದು ನಿಮಗೆ, ಇನ್ನೊಂದು ಗುರುತಿಸಿಕೊಡುವವರಿಗೆ ಎಂದು ಎರಡು ಮಾದರಿ ತೆಗೆದು, ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯಡಿ ದಿನಾಂಕ, ಊರು, ಹೊಲದ ಬಗೆ, ಮಣ್ಣು, ಗಿಡದ ಎತ್ತರ, ಹಾಲು ಒಸರುತ್ತದೆಯೇ ಎಂಬುದು, ಪರಿಮಳ, ಊರವರು ಹೇಳುವ ಹೆಸರು ಇಷ್ಟನ್ನೂ ಅಲ್ಲೇ ನಿಂತು ಬರೆಯಿರಿ. ಎಲ್ಲಕ್ಕಿಂತ ಮುಖ್ಯ ಹೂವಿನ ಬಣ್ಣ. ನಾಲೆಯ ಏರಿಯ ಮೇಲಿದ್ದ ಒಂದು ಬಳ್ಳಿಯ ಹೂವು ನೀಲಿಯೋ ನೇರಳೆಯೋ ಎಂದು ಬರೆಯದೆ ಬಂದಿದ್ದೆ. ಒಣಗಿದ ಮೇಲೆ ಅದು ಕಂದಾಯಿತು, ಮರುವರ್ಷ ಹೋಗಿ ನೋಡಿದರೆ ಏರಿಯನ್ನು ಜೆಸಿಬಿ ಸವರಿಬಿಟ್ಟಿತ್ತು. ಆ ಹಾಳೆಯಲ್ಲಿ ಬಣ್ಣದ ಜಾಗ ಇಂದಿಗೂ ಖಾಲಿಯಿದೆ.

ಮನೆಗೆ ತಂದ ಗಿಡವನ್ನು ಬಾಡುವ ಮೊದಲೇ ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಒಂದೆರಡು ಎಲೆಗಳ ಹಿಂಬದಿ ಮೇಲೆ ಕಾಣುವಂತೆ ತಿರುಗಿಸಿ, ಎರಡು ಹಲಗೆಗಳ ಮಧ್ಯೆ ಬಿಗಿಯಾಗಿ ಕಟ್ಟಿ ಭಾರ ಹೇರಿ. ಮೊದಲ ದಿನಗಳಲ್ಲಿ ಪ್ರತಿದಿನವೂ ಕಾಗದ ಬದಲಿಸಲೇಬೇಕು. ಮಳೆಗಾಲದಲ್ಲಿ ಇದನ್ನು ಮರೆತರೆ ಬೂಷ್ಟು ಹಿಡಿಯುತ್ತದೆ. ರಸಭರಿತ ಗಿಡಗಳು ಕಾಗದದ ನಡುವೆಯೂ ಚಿಗುರುವುದರಿಂದ, ಹೂವನ್ನು ಬಿಟ್ಟು ಉಳಿದ ಭಾಗವನ್ನು ಕ್ಷಣಕಾಲ ಕುದಿನೀರಿನಲ್ಲಿ ಅದ್ದಿ ಒತ್ತಬೇಕು.

ಮುಟ್ಟಿದಾಗ ತಣ್ಣಗೆನಿಸದಿದ್ದರೆ ಒಣಗಿದೆ ಎಂದರ್ಥ. ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ದಾರದಿಂದ ಹೊಲಿದು ಅಥವಾ ಅಂಟಿನಿಂದ ಕೂರಿಸಿ, ಬಲಗಡೆಯ ಕೆಳಮೂಲೆಯಲ್ಲಿ ಟಿಪ್ಪಣಿಯ ವಿವರಗಳಿರುವ ಚೀಟಿ ಅಂಟಿಸಿ. ಹುಳು ಹತ್ತದಿರಲೆಂದು ಹಿಂದೆ ಪಾದರಸದ ವಿಷಲವಣ ಬಳಿಯುತ್ತಿದ್ದರು. ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ. ಬದಲಿಗೆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ದಿನ ಡೀಪ್ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಚೀಲ ಬಿಚ್ಚದಿರಿ.